ಹೊಸಿಲೊಳಗಿನ ಉಣ್ಣೆ ಜೋಡು

ಮಗಳಿಗೆ ಕಾಲೇಜಿನ ಶೂ ಕೊಡಿಸಲೆಂದು ಈ ಚಳಿಗಾಲ ಚಿಕ್ಕಮಗಳೂರಿನ ಒಂದು ಹೊಸ ಅಂಗಡಿಗೆ ಹೋಗಿದ್ದೆವು. ಅವಳು ಕನ್ನಡಿಯ ಮುಂದೆ ಒಂದೊಂದೇ ಜೋಡು ಹಾಕಿ ಬಿಚ್ಚುತ್ತಿದ್ದಾಗ ನಾನು ಸುಮ್ಮನೆ ಗೋಡೆಯ ಕಪಾಟು ನೋಡುತ್ತ ನಿಂತಿದ್ದೆ. ಹೆಂಗಸರ ಚಳಿಗಾಲದ ಜೋಡುಗಳನ್ನು ಅಲ್ಲಿ ಬೇರೆಯಾಗಿ ಇಟ್ಟಿದ್ದರು. ಜೇನಿನ ಬಣ್ಣದ ಮೆತ್ತನೆ ಚರ್ಮ, ಒಳಗೆ ಕುರಿಮರಿಯ ಮೈಯಂಥ ತುಪ್ಪಳ, ಕಣಕಾಲಿನ ಹತ್ತಿರ ಮಡಚಿದ ಅಂಚು, ಪಕ್ಕದಲ್ಲಿ ಒಂದು ಮರದ ಗುಂಡಿ. ಅಂಗಡಿಯ ಹುಡುಗಿ ಹತ್ತಿರ ಬಂದು, “ತಗೊಳ್ಳಿ ಆಂಟಿ, ತುಂಬ ಬೆಚ್ಚಗಿರತ್ತೆ. ಹೊರಗಡೆನೂ ಹಾಕ್ಬೋದು, ಮನೆ ಒಳಗೂ ಹಾಕ್ಬೋದು” ಎಂದಳು.

ಮನೆ ಒಳಗೂ ಹಾಕಬಹುದು ಎನ್ನುವ ಮಾತನ್ನು ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ನಾನು ಒಂದನ್ನು ಎತ್ತಿಕೊಂಡು ಒಳಗೆ ಕೈ ಹಾಕಿದೆ. ಉಣ್ಣೆಯ ವಾಸನೆ, ಹೊಸ ರಬ್ಬರಿನ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಂದವು. ಅವೆರಡು ಒಟ್ಟಿಗೆ ಸೇರಿದ್ದನ್ನು ನಾನು ಮೊದಲು ಕಂಡದ್ದು ನನ್ನದೇ ಹೆಣಿಗೆ ಬುಟ್ಟಿಯಲ್ಲಿ, ತೊಂಬತ್ತರ ದಶಕದ ನಡುವಿನ ಒಂದು ಕೊಯ್ಲಿನ ಕಾಲದಲ್ಲಿ. ಕಾಫಿಗೆ ಒಳ್ಳೆಯ ರೇಟು ಬಂದಿದ್ದ ವರ್ಷ ಅದು. ಕಳಸದ ಪೇಟೆಯಲ್ಲಿ ಹೊಸ ಜೀಪುಗಳು ಹಾರ ಹಾಕಿಕೊಂಡು ಓಡಾಡುತ್ತಿದ್ದವು. ನಮ್ಮ ಮನೆಯಲ್ಲಿ ಮಾತ್ರ ಆ ವರ್ಷದ ಮಾತೆಲ್ಲ ಅತ್ತೆಯ ಕಾಲಿನದು.

ಮದುವೆಯಾಗಿ ನಾನು ಬಂದ ಮನೆ ಕಳಸದಿಂದ ಮೇಲೆ, ಗುಡ್ಡದ ನೆತ್ತಿಯ ಮೇಲಿತ್ತು. ಅಲ್ಲಿಯ ಮಳೆಯ ಬಗ್ಗೆ ಮದುವೆಗೆ ಮೊದಲೇ ಎಲ್ಲರೂ ನನ್ನನ್ನು ಹೆದರಿಸಿದ್ದರು. ಚಳಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಡಿಸೆಂಬರ್ ಬಂತೆಂದರೆ ಗಾಳಿ ಗುಡ್ಡ ಹತ್ತಿ ನೇರ ನಡುಮನೆಗೆ ಬರುತ್ತಿತ್ತು. ನೆಲ ಕೆಂಪು ಗಾರೆಯದು. ಮಾವನ ತಂದೆಯ ಕಾಲದಲ್ಲಿ ಮುತುವರ್ಜಿಯಿಂದ ಮಾಡಿಸಿದ್ದು, ಮುಖ ಕಾಣುವಷ್ಟು ನುಣುಪು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಅದರ ಮೇಲೆ ಕಾಲಿಟ್ಟರೆ ಹೊಳೆಯ ಕಲ್ಲಿನ ಮೇಲೆ ಇಟ್ಟ ಹಾಗೆ. ಕಾನ್ವೆಂಟಿನಲ್ಲಿ ಇಡೀ ದಿನ ಬಿಳಿ ಸಾಕ್ಸು, ಕಪ್ಪು ಶೂ ಹಾಕಿ ಬೆಳೆದ ಕಾಲು ನನ್ನದು. ಮೊದಲ ವರ್ಷ ಅಡುಗೆ ಮನೆಯಲ್ಲಿ ಒಂದು ಕಾಲನ್ನು ಇನ್ನೊಂದರ ಮೇಲೆ ಇಟ್ಟುಕೊಂಡು ಕೊಕ್ಕರೆಯ ಹಾಗೆ ನಿಂತು ದೋಸೆ ಹುಯ್ಯುತ್ತಿದ್ದೆ.

ಆದರೆ ಹೊಸಿಲಿನ ಒಳಗೆ ಜೋಡು ಎನ್ನುವ ಮಾತೇ ಇರಲಿಲ್ಲ. ಜಗಲಿಯವರೆಗೆ ಸರಿ, ಅಲ್ಲಿಂದ ಈಚೆಗೆ ಬರಿಗಾಲು. ಮಂತ್ರಿ ಬಂದರೂ ಅಷ್ಟೇ, ಬ್ಯಾಂಕ್ ಮ್ಯಾನೇಜರ್ ಬಂದರೂ ಅಷ್ಟೇ.

ಹಾಗೆಂದು ಅತ್ತೆಗೆ ಜೋಡು ಕಂಡರೆ ಆಗದು ಎಂದಲ್ಲ. ಅಷ್ಟು ಚಂದದ ಜೋಡುಗಳಿದ್ದ ಹೆಂಗಸು ಆ ಕಡೆಯಲ್ಲೇ ಇನ್ನೊಬ್ಬರಿರಲಿಲ್ಲ. ಜಗಲಿಯ ಮೂಲೆಯಲ್ಲಿ ಅವರದೇ ಒಂದು ಮರದ ಸ್ಟ್ಯಾಂಡು, ಅದಕ್ಕೆ ಪುಟ್ಟ ಪರದೆ. ಮದುವೆಮನೆಗೆ ಬೆಳ್ಳಿ ಪಟ್ಟಿಯ ಕಪ್ಪು ಜೋಡು, ಕಳಸದ ಪೇಟೆಗೆ ಕಂದು ಬಣ್ಣದ್ದು, ಚಳಿಗಾಲದಲ್ಲಿ ಊರಿಗೆ ಹೋಗುವಾಗ ಮುಂದೆ ಮುಚ್ಚಿದ, ಸಣ್ಣ ಹಿಮ್ಮಡಿಯ ಮೆರೂನ್ ಶೂ. ಬೇರೆಯವರು ಸೀರೆಗೆ ಹೊಂದುವ ಜೋಡು ಹುಡುಕಿದರೆ ಅತ್ತೆ ಮೊದಲು ಜಗಲಿಗೆ ಹೋಗಿ ಜೋಡು ಆರಿಸಿ, ಆಮೇಲೆ ಬೀರು ತೆಗೆದು ಸೀರೆ ಆರಿಸುತ್ತಿದ್ದರು. ಹೊರಗಿನಿಂದ ಬಂದ ಕೂಡಲೇ ಅವನ್ನು ಬಟ್ಟೆಯಲ್ಲಿ ಒರೆಸಿ ಪರದೆ ಎಳೆದು ಒಳಗೆ ಬರುವುದು. ಆ ಸ್ಟ್ಯಾಂಡಿನ ಮೇಲೆ ಬೇರೆ ಯಾರ ಚಪ್ಪಲಿಯೂ ಏರುವಂತಿರಲಿಲ್ಲ.

ಜೋಡು ಹೋಗಬಾರದ ಇನ್ನೊಂದು ಜಾಗವೆಂದರೆ ಕಣ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಹರವಿ ಒಣಗಿಸುವ ಸಿಮೆಂಟಿನ ಅಂಗಳ ಅದು. ಅಲ್ಲಿಗೆ ಇಳಿಯುವಾಗ ಮೇಸ್ತ್ರಿಯಿಂದ ಹಿಡಿದು ಎಲ್ಲರೂ ಚಪ್ಪಲಿ ಬಿಟ್ಟು ಇಳಿಯುತ್ತಿದ್ದರು. ಬೀಜವನ್ನು ಆಗಾಗ ತಿರುವಿ ಹಾಕಬೇಕು. ಹಲಗೆಯಲ್ಲಿ ಎಳೆಯುವವರೂ ಇದ್ದರು, ಕಾಲಿನಲ್ಲಿ ಸಾಲು ಸಾಲಾಗಿ ಗೀರುತ್ತ ಹೋಗುವವರೂ ಇದ್ದರು. ಅತ್ತೆ ಕಾಲಿನವರು. ಹೊತ್ತು ಇಳಿಯುವ ಮೊದಲು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬೀಜದೊಳಗೆ ಪಾದ ತೂರಿಸಿ ಮೆಲ್ಲಗೆ ಒಂದು ಸುತ್ತು ಬರುವರು. ಸುತ್ತು ಮುಗಿದ ಮೇಲೆ ಅವರು “ಆಗಿದೆ” ಎಂದರೆ ಮೂಟೆ ಕಟ್ಟುವುದು, “ನಾಳೆ ನೋಡೋಣ” ಎಂದರೆ ಟಾರ್ಪಾಲು ಮುಚ್ಚುವುದು. ನಮ್ಮವರು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಆದರೆ ಕಚ್ಚುವುದು ಅಮ್ಮನ ಸುತ್ತು ಮುಗಿದ ಮೇಲೆ, ಬರಿಯ ಸಮಾಧಾನಕ್ಕೆ.

ಆ ವರ್ಷ ಡಿಸೆಂಬರಿನ ಒಂದು ರಾಶಿಗೆ ಅತ್ತೆ “ಆಗಿದೆ” ಎಂದರು. ಮೂಟೆ ಹೊಲಿದು ಗೋದಾಮಿಗೆ ಹಾಕಿದ್ದಾಯಿತು. ಕೆಲವು ದಿನ ಕಳೆದು, ಬೀಜದ ಹೊಟ್ಟು ತೆಗೆದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಲೆಂದು ಗೋದಾಮಿನ ಬಾಗಿಲು ತೆಗೆದರೆ ಒಳಗೆ ಹಳೆಯ ಚಾಪೆಯಂಥ ಮುಗ್ಗಲು ವಾಸನೆ. ನಮ್ಮವರು ಒಂದು ಮೂಟೆ ಬಿಚ್ಚಿ ಕೈ ತೂರಿಸಿದರು. ಒಳಗೆ ಬೀಜ ಬೆಚ್ಚಗಿತ್ತು. ಹಸಿ ಇರುವಾಗಲೇ ಕಟ್ಟಿದ್ದೇವೆ. ಎಲ್ಲವನ್ನೂ ಮತ್ತೆ ಕಣಕ್ಕೆ ಸುರಿಸಿದರು. ಅತ್ತೆ ಜಗಲಿಯಲ್ಲಿ ನಿಂತು ನೋಡಿದರು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಅವರಿಗೆ ಹೆಚ್ಚು ತಾಗಿತೆಂದು ಕಾಣುತ್ತದೆ. ಊಟಕ್ಕೆ ಕೂತಾಗ ತಾವಾಗಿಯೇ, “ಕಾಲಿಗೆ ತಣ್ಣಗೆ ತಾಗ್ಲಿಲ್ಲ ಕಣೋ. ಹಸಿ ಇದ್ರೆ ತಣ್ಣಗೆ ತಾಗ್ಬೇಕಲ್ಲ?” ಎಂದರು.

“ಒಂದೊಂದ್ಸಲ ಆಗತ್ತೆ ಬಿಡಮ್ಮ” ಎಂದರು ಇವರು.

ಅದಾದ ಮರುದಿನವೋ ಅದರಾಚೆಯೋ, ಮನೆಗೆಲಸದ ಗಿರಿಜೆ ನಡುಮನೆ ಒರೆಸುತ್ತಿದ್ದವಳು ನನ್ನನ್ನು ಕೂಗಿದಳು. “ಸಣ್ಣಮ್ಮ, ಇಲ್ನೋಡಿ, ನೆಲದ ಬಣ್ಣ ಬಿಡ್ತಾ ಇದೆ.”

ಬಕೀಟಿನ ನೀರು ಕೆಂಪಾಗಿತ್ತು. ಅಷ್ಟು ವರ್ಷದ ಗಾರೆ ಬಣ್ಣ ಬಿಡುವುದುಂಟೇ ಎಂದು ನಾನು ಬಗ್ಗಿ ನೋಡಿದೆ. ಕೆಂಪು ನೆಲದ ಮೇಲೆ ರಕ್ತ ಕಾಣುವುದಿಲ್ಲ. ಬೆಳಕಿಗೆ ಓರೆಯಾಗಿ ನೋಡಿದಾಗ ಒಣಗಿದ ಕಲೆಗಳು ಹೊಳೆದವು. ದೇವರ ಮನೆಯಿಂದ ಅಡುಗೆ ಮನೆಗೆ, ಅಲ್ಲಿಂದ ಹಿತ್ತಿಲ ಬಾಗಿಲಿಗೆ, ಒಂದೇ ಕಾಲಿನ ಗುರುತು. ಅತ್ತೆ ಅಡುಗೆ ಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕಾಲು ತೋರಿಸಿ ಎಂದರೆ, “ಎಂತ ಆಯ್ತು ಕಾಲಿಗೆ? ಚೆನ್ನಾಗೇ ಇದೆಯಲ್ಲ” ಎಂದು ಚಾಚಿದರು. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಹಸಿರು ಬಳೆಯ ಚೂರೊಂದು ನಾಟಿಕೊಂಡಿತ್ತು. ಯಾವಾಗಿನಿಂದಲೋ ಏನೋ, ಸುತ್ತ ಊದಿಕೊಂಡಿತ್ತು. ಅತ್ತೆ ನನ್ನ ಮುಖ ನೋಡಿದರು, ಕಾಲು ನೋಡಿದರು. ನೋವು ಅವರ ಮುಖದಲ್ಲಿ ಇರಲೇ ಇಲ್ಲ. ನಾನು ಹೆದರಿದ್ದು ಅದಕ್ಕೇ.

ಕಳಸದ ಡಾಕ್ಟರು ಚೂರು ತೆಗೆದು, ಗಾಯ ತೊಳೆದು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಸಕ್ಕರೆ ಕಾಯಿಲೆ ಎಂದು ತಿಳಿದದ್ದು ಆಗ. ಆಮೇಲೆ ಅತ್ತೆಯನ್ನು ಮಂಚದ ಮೇಲೆ ಕೂರಿಸಿ ಒಂದು ಚೂರು ಹತ್ತಿ ತೆಗೆದುಕೊಂಡರು.

“ಕಣ್ಣು ಮುಚ್ಕೊಳ್ಳಿ ಅಮ್ಮ. ನಾನು ಪಾದ ಮುಟ್ತೀನಿ. ಮುಟ್ಟಿದ್ದು ಗೊತ್ತಾದಾಗ ಹೇಳಿ.”

ಅತ್ತೆ ಕಣ್ಣು ಮುಚ್ಚಿದರು. ಡಾಕ್ಟರು ಬೆರಳು ಮುಟ್ಟಿದರು, ಅಂಗಾಲು ಮುಟ್ಟಿದರು, ಹಿಮ್ಮಡಿ ಮುಟ್ಟಿದರು. ಇನ್ನೊಂದು ಕಾಲಿಗೂ ಹಾಗೇ ಮಾಡಿದರು. ಅತ್ತೆ ಪರೀಕ್ಷೆಗೆ ಕೂತ ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ಕೂತೇ ಇದ್ದರು. ಸ್ವಲ್ಪ ಹೊತ್ತು ನೋಡಿ, “ಯಾವಾಗ ಶುರು ಮಾಡ್ತೀರಿ ಡಾಕ್ಟ್ರೆ?” ಎಂದರು.

ಇವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತರು.

ಕಾಲಿನ ನರಗಳಿಗೆ ಸ್ಪರ್ಶ ಹೋಗಿದೆ ಎಂದು ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಇನ್ನು ಮೇಲೆ ಬರಿಗಾಲು ಸಲ್ಲದು. ಮೆತ್ತಗಿನ, ಬಿಗಿಯಿಲ್ಲದ, ಬೆಚ್ಚಗಿನ ಏನಾದರೂ ಸದಾ ಕಾಲಲ್ಲಿರಬೇಕು.

“ಮನೆ ಒಳಗೆ ಬೇಡ ಅಲ್ವಾ?” ಎಂದರು ಅತ್ತೆ.

“ಮನೆ ಒಳಗೇ ಮುಖ್ಯ. ನಿಮ್ಮ ನೆಲ ನನಗೆ ಗೊತ್ತಿಲ್ವಾ? ಊಟಕ್ಕೆ ಬಂದಾಗ ಕಾಲು ಕುರ್ಚಿ ಮೇಲೆ ಇಟ್ಕೊಂಡು ಉಂಡು ಹೋದವನು ನಾನು. ನೋಡಿ ಅಮ್ಮ, ಈ ಗಾಯ ಕೆಟ್ರೆ ಬೆರಳು ಹೋಗತ್ತೆ. ಬೆರಳಿಗೇ ನಿಲ್ಲತ್ತೆ ಅಂತಾನೂ ನಾನು ಹೇಳಕ್ಕಾಗಲ್ಲ.”

ಜೀಪಿನಲ್ಲಿ ಬರುವಾಗ ಅತ್ತೆ ಒಂದೇ ಮಾತಾಡಿದರು. “ಕಾಲು ಹತ್ತಿ ಮೇಲೆ ಇಟ್ಟ ಹಾಗಾಗತ್ತೆ ಅಂತ ಹೋದ ವರ್ಷದಿಂದ ಹೇಳ್ತಾ ಇದ್ದೆನಲ್ಲ.” ಹೌದು, ಹೇಳುತ್ತಿದ್ದರು. ನಮ್ಮ ಕಾಲೂ ಮರಗಟ್ಟಿ ಹಾಗೇ ಆಗುತ್ತಿತ್ತು, ಚಳಿಗೆ ಎಂದುಕೊಂಡಿದ್ದೆವು.

ಇವರು ಚಿಕ್ಕಮಗಳೂರಿನಿಂದ ಆಸ್ಪತ್ರೆಯವರು ಹೇಳುವಂಥ ರಬ್ಬರಿನ ಚಪ್ಪಲಿ ತಂದರು. ಕಪ್ಪು, ದಪ್ಪ, ಅಗಲ ಪಟ್ಟಿ. ಅತ್ತೆ ಅದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು.

“ಇದನ್ನ ಹಾಕ್ಕೊಂಡು ದೇವರ ಮನೆ ಮುಂದೆ ಓಡಾಡ್ಬೇಕಾ ನಾನು? ವಾರ್ಡ್ ಆಯಾನ ಹಾಗೆ?”

“ಅಮ್ಮ, ಡಾಕ್ಟ್ರು ಹೇಳಿದ್ದು ಕೇಳಿಸ್ತು ತಾನೆ?”

“ಕೇಳಿಸ್ತು. ಕಾಲಿಗೆ ಗೊತ್ತಾಗಲ್ಲ ಅಂದ್ರು, ಕಿವಿಗೆ ಏನೂ ಆಗಿಲ್ಲ.”

ಚಪ್ಪಲಿ ಜಗಲಿಗೆ ಹೋಯಿತು. ಅವರ ಸ್ಟ್ಯಾಂಡಿಗೂ ಏರಲಿಲ್ಲ, ಅದರ ಪಕ್ಕ ನೆಲದ ಮೇಲೆ ಕೂತಿತು. ಆಮೇಲೆ ಸಾಕ್ಸು ಹಾಕಿಸಿ ನೋಡಿದೆ. ನುಣುಪು ನೆಲದ ಮೇಲೆ ಸಾಕ್ಸು ಜಾರಿ, ಊಟದ ಮನೆಯ ಬಾಗಿಲಲ್ಲಿ ಅತ್ತೆ ಕಂಬ ಹಿಡಿದುಕೊಂಡದ್ದರಿಂದ ಉಳಿದರು. ಸಾಕ್ಸೂ ಬಿಟ್ಟರು. ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಬರಿಗಾಲಲ್ಲೇ ತಿರುಗಾಡಿದರು. ಗಾಯ ಅಲ್ಲೇ ಇತ್ತು. ಮಾಯಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲಿಗೆ ಬಿಸಿನೀರು ತರಲು ಹೋದೆ. ನಮ್ಮಲ್ಲಿ ಚಳಿಗಾಲದ ಬೆಳಿಗ್ಗೆ ಎಲ್ಲರೂ ಬಚ್ಚಲ ಒಲೆಯ ಮುಂದೆ ಸ್ವಲ್ಪ ಹೊತ್ತು ಕೂರುವುದು ರೂಢಿ. ಹಂಡೆಯ ಕೆಳಗೆ ಕಾಫಿ ಗಿಡದ ಬೊಡ್ಡೆ ಉರಿಯುತ್ತಿರುತ್ತದೆ, ಒಲೆಯ ಕಲ್ಲಿಗೆ ಅಂಗಾಲು ಚಾಚಿ ಕೂತರೆ ಸುಖ. ಅತ್ತೆ ಹಾಗೆ ಕೂತು ಕಾಫಿ ಕುಡಿಯುತ್ತಿದ್ದರು. ಬಟ್ಟೆ ಸುಟ್ಟ ವಾಸನೆ ಬಂತು. ನೋಡಿದರೆ ಕಾಲಿಗೆ ಸುತ್ತಿದ ಬಟ್ಟೆಯ ಅಂಚು ಕಂದಾಗಿ ಹೊಗೆಯಾಡುತ್ತಿದೆ, ಅತ್ತೆ ಲೋಟ ಹಿಡಿದು ನೆಮ್ಮದಿಯಾಗಿ ಕೂತಿದ್ದಾರೆ. ನಾನು ಚೊಂಬಿನಲ್ಲಿ ತಣ್ಣೀರು ಮೊಗೆದು ಸುರಿದೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ಅತ್ತೆ ಲೋಟ ಕೆಳಗಿಟ್ಟರು. “ಬಿಸಿ ಆಗ್ತಾ ಇದೆ ಅಂತ ಗೊತ್ತಾಗಿದ್ರೆ ತೆಗೀತಿರ್ಲಿಲ್ವೇನೆ?” ಎಂದರು, ಅಷ್ಟೇ.

ಅವರು ಬೇಡ ಎನ್ನುವುದು ಜೋಡನ್ನಲ್ಲ ಎಂದು ನನಗೆ ಅಂದು ಹೊಳೆಯಿತು. ಹೊರಗಿನ ನೆಲ ಮೆಟ್ಟಿದ್ದು ಒಳಗೆ ಬರಬಾರದು, ಅಷ್ಟೇ. ಹಾಗಾದರೆ ಮನೆಯ ಒಳಗೇ ಹುಟ್ಟಿದ, ಹೊಸಿಲು ದಾಟಿಯೇ ಇರದ ಜೋಡಿಗೆ ಏನು ಹೇಳುತ್ತಾರೆ? ಕಾನ್ವೆಂಟಿನಲ್ಲಿ ಒಬ್ಬರು ಸಿಸ್ಟರ್ ನಮಗೆ ಹೆಣಿಗೆ ಕಲಿಸಿದ್ದರು. ಪ್ರತಿ ವರ್ಷ ಚಳಿಗಾಲಕ್ಕೆ ಮೊದಲು ಶಿಶುಗಳ ಆಶ್ರಮಕ್ಕೆಂದು ಎಲ್ಲ ಹುಡುಗಿಯರೂ ಪುಟ್ಟ ಪುಟ್ಟ ಉಣ್ಣೆ ಬೂಟು ಹೆಣೆಯಬೇಕು. ಬೆರಳಿಗೆ ತಾಗುವ ಗಂಟು ಒಳಗಡೆ ಉಳಿದರೆ ಸಿಸ್ಟರ್ ಪೂರ್ತಿ ಬಿಚ್ಚಿಸುತ್ತಿದ್ದರು. “ಆ ಮಗುವಿಗೆ ಚುಚ್ಚಿದರೆ ಹೇಳಲು ಬರುವುದಿಲ್ಲ” ಎನ್ನುತ್ತಿದ್ದರು. ಅದೇ ಬೂಟನ್ನು ಅತ್ತೆಯ ಅಳತೆಗೆ ದೊಡ್ಡದು ಮಾಡಿದರಾಯಿತು.

ಟ್ರಂಕಿನಿಂದ ಕಡ್ಡಿಗಳನ್ನು ತೆಗೆದೆ. ಇವರ ಸ್ವೆಟರಿಗೆ ತಂದು ಉಳಿದಿದ್ದ ಕಂದು ಉಣ್ಣೆ ಇತ್ತು. ಕೆಳಗೆ ಹಳೆಯ ಕರಿ ಕಂಬಳಿಯನ್ನು ಮಡಿಕೆ ಮಾಡಿ ದಪ್ಪನೆ ಅಟ್ಟೆ. ಸಾಧಾರಣ ಸೂಜಿ ಅದರಲ್ಲಿ ಇಳಿಯಲಿಲ್ಲ. ಗೋದಾಮಿನಿಂದ ಮೂಟೆ ಹೊಲಿಯುವ ದಬ್ಬಣ ತಂದುಕೊಂಡೆ. ನಾಲ್ಕಾರು ದಿನ ಕೂತು ಮುಗಿಸಿ, ಅತ್ತೆಯ ಮುಂದೆ ಇಟ್ಟೆ.

ಅತ್ತೆ ಬಹಳ ಹೊತ್ತು ನೋಡಿದರು. ಗಿರಿಜೆ ಬಾಯಿಗೆ ಸೆರಗು ಹಿಡಿದುಕೊಂಡು ಅಡುಗೆ ಮನೆಗೆ ಓಡಿದಳು.

“ಎಂತದೇ ಇದು? ಕರಡಿ ಕಾಲು!”

“ಬೆಚ್ಚಗಿರತ್ತೆ ಅತ್ತೆ. ಮನೆ ಒಳಗೇ ಮಾಡಿದ್ದು, ಹೊರಗಿನ ನೆಲ ಕಂಡಿಲ್ಲ.”

“ಬೆಚ್ಚಗಿದ್ರೆ ಸಾಕು, ಮುದುಕಿಗೆ ಇನ್ನೇನು ಬೇಕು ಅಂತ ತಾನೆ?” ಎಂದು ಅವರು ಅವನ್ನು ನನ್ನ ಕಡೆಗೆ ಸರಿಸಿದರು. ಗದರಿಸಿ ಹೇಳಿದ್ದಲ್ಲ. ಬೇಜಾರಾಗಿ ಹೇಳಿದ್ದು. “ನೀನಾದ್ರೆ ಹಾಕ್ಕೊಳ್ತೀಯೇನೆ ಇದನ್ನ?”

ನಾನು ಹಾಕಿಕೊಳ್ಳುತ್ತಿರಲಿಲ್ಲ.

ಮಾರನೆಯ ದಿನ ಜೀಪು ಪೇಟೆಗೆ ಹೋಗುವಾಗ ನಾನೂ ಹತ್ತಿದೆ. ಹೋಗುವ ಮುಂಚೆ ಜಗಲಿಯಲ್ಲಿ ಪರದೆ ಸರಿಸಿ ಅತ್ತೆಯ ಜೋಡುಗಳನ್ನು ಒಂದು ಸಲ ಸರಿಯಾಗಿ ನೋಡಿಕೊಂಡೆ. ಎಲ್ಲದರಲ್ಲೂ ಮೂತಿ ಸ್ವಲ್ಪ ಚೂಪು. ಎಲ್ಲದರಲ್ಲೂ ಒಂದೇ ಒಂದು ಅಲಂಕಾರ, ಎರಡಿಲ್ಲ. ಕಣಕಾಲನ್ನು ಯಾವುದೂ ಪೂರ್ತಿ ಮುಚ್ಚುವುದಿಲ್ಲ. ಕಳಸದ ಫ್ಯಾನ್ಸಿ ಅಂಗಡಿಯಲ್ಲಿ ಆ ಮೆರೂನ್ ಶೂವಿನ ಬಣ್ಣದ್ದೇ ಉಣ್ಣೆ ಸಿಕ್ಕಿತು. ಅಂಚಿಗೆ ಸಾಸಿವೆ ಬಣ್ಣದ ಒಂದು ಸಣ್ಣ ಉಂಡೆ. ಜಾರದ ಹಾಗೆ ಅಟ್ಟೆಯ ಕೆಳಗೆ ಹೊಲಿಯಲು ಒಂದು ಜೊತೆ ಹೊಸ ಹವಾಯಿ ಚಪ್ಪಲಿ ಕೊಂಡು, ಪೇಪರಿನಲ್ಲಿ ಸುತ್ತಿಸಿ, ನೆಲಕ್ಕೆ ಇಳಿಸದೆ ಮಡಿಲಲ್ಲೇ ಇಟ್ಟುಕೊಂಡು ಬಂದೆ.

ಈ ಸಲ ಮರೆಯಲ್ಲಿ ಮಾಡಲಿಲ್ಲ. ಊಟದ ಮನೆಯ ಬೆಂಚಿನಲ್ಲಿ, ಅವರ ಎದುರೇ ಕೂತು ಹೆಣೆದೆ. ಹವಾಯಿಯ ಪಟ್ಟಿ ಕಿತ್ತು, ಅಟ್ಟೆಯನ್ನು ತೆಳ್ಳಗೆ ಕತ್ತರಿಸಿ, ದಬ್ಬಣದಲ್ಲಿ ಸುತ್ತ ತೂತು ಹಾಕಿ ಕಂಬಳಿಗೆ ಹೊಲಿದೆ. ಮೊದಲೆರಡು ದಿನ ಅತ್ತೆ ನೋಡದವರ ಹಾಗೆ ಇದ್ದರು. ಮೂರನೆಯ ದಿನ ಅವರೆಕಾಯಿ ಬುಟ್ಟಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

“ಅಡಿಗೆ ಹಾಕಿದ್ದು ಎಂತದು? ಚರ್ಮನಾ?”

“ಅಲ್ಲ ಅತ್ತೆ, ಹವಾಯಿದು. ಹೊಸದು. ನೆಲ ಮೆಟ್ಟಿಲ್ಲ.”

“ನೆಲ ಮೆಟ್ಟದ ಚಪ್ಪಲಿ!” ಎಂದು ನಕ್ಕರು. ಆಮೇಲೆ ತಡೆಯಲಾರದೆ ಬೆರಳು ತಂದು, “ಇಲ್ಲಿ ಮಡಿಕೆ ಜಾಸ್ತಿ ಆಯ್ತು ಮಾರಾಯ್ತಿ. ಕಣಕಾಲು ದಪ್ಪ ಕಾಣತ್ತೆ. ಬಿಚ್ಚು” ಎಂದರು.

ಬಿಚ್ಚಿದೆ. ಮತ್ತೆ ಹೆಣೆದೆ. ಮೂತಿ ಇನ್ನೂ ಸ್ವಲ್ಪ ಎಳೆದುಕೊಳ್ಳಲಿ ಎಂದರು. ಬೆರಳಿಗೆ ಬಿಗಿಯಾಗಬಾರದಲ್ಲ ಎಂದು ನಾನು ಒಳಗೆ ಅಗಲ ಬಿಟ್ಟು, ಹೊರಗೆ ಮಾತ್ರ ಚೂಪಾಗಿ ಕಾಣುವ ಹಾಗೆ ಒಂದು ಗೆರೆ ಹೆಣೆದೆ. ಹೊಲಿಗೆಯನ್ನೆಲ್ಲ ಹೊರಮೈಗೆ ತಂದು ಸಾಸಿವೆ ಬಣ್ಣದ ಅಂಚಿನಲ್ಲಿ ಮುಚ್ಚಿದೆ. ಅತ್ತೆ ಎದ್ದು ಹೋಗಿ ಬೀರು ತೆಗೆದು, ಎರಡು ಗಾಜಿನ ಗುಂಡಿ ತಂದರು. ಒಳಗೆ ಬಿಳಿಯ ಹೂ ಕಾಣುವ ಕೆಂಪು ಗುಂಡಿಗಳು, ಅವರ ಮದುವೆ ಕಾಲದ ಕೋಟಿನವು.

“ಪಕ್ಕಕ್ಕೆ ಒಂದೊಂದು. ಮಧ್ಯಕ್ಕೆ ಹಾಕ್ಬೇಡ, ಗೊಂಬೆ ಥರ ಕಾಣತ್ತೆ.”

ಅದು ಮುಗಿದ ಸಂಜೆ ಅವರು ಯಾರೂ ಹೇಳದೆಯೇ ಕಾಲು ತೂರಿಸಿದರು. ಬೆಂಚು ಹಿಡಿದು ಎದ್ದು, ಎರಡು ಹೆಜ್ಜೆ ಇಟ್ಟು, ತಿರುಗಿ ಹಿಮ್ಮಡಿ ನೋಡಿಕೊಂಡರು. ಆಮೇಲೆ ಕಾನೂನು ಹೇಳಿದರು. ಇದು ಹೊಸಿಲು ದಾಟುವಂತಿಲ್ಲ. ದೇವರ ಮನೆಗೆ ಇಲ್ಲ, ಅಲ್ಲಿ ಕಂಬಳಿ ಹಾಸಬೇಕು. ದಿನಾ ಅಟ್ಟೆ ಒರೆಸಬೇಕು. “ಇದನ್ನ ಚಪ್ಪಲಿ ಅಂತ ಯಾರೂ ಕರೀಬಾರ್ದು” ಎಂದು ಗಿರಿಜೆಗೆ ಬೇರೆಯಾಗಿ ಹೇಳಿದರು. ಗಿರಿಜೆ, “ಮತ್ತೆಂತ ಅನ್ನೋದು ಅಮ್ಮೋರೆ?” ಎಂದಳು. “ಎಂತದೂ ಅನ್ಬೇಡ” ಎಂದರು.

ಗಾಯ ನಿಧಾನವಾಗಿ ಒಳಗಿನಿಂದ ತುಂಬಿಕೊಳ್ಳತೊಡಗಿತು. ಡಾಕ್ಟರು ಜೋಡಿನ ಒಳಗೆ ಎರಡು ಬೆರಳು ಹಾಕಿ ಸುತ್ತ ಸವರಿ ನೋಡಿ, “ಸರಿಯಿದೆ, ಇನ್ನೊಂದು ಹದಿನೈದು ದಿನ ಬಿಚ್ಬೇಡಿ” ಎಂದರು.

ಆ ಹದಿನೈದು ದಿನದ ನಡುವೆ ಸಂಕ್ರಾಂತಿ ಬಂತು. ಸಂಕ್ರಾಂತಿಗೆ ಸುತ್ತಲಿನ ಎಸ್ಟೇಟುಗಳ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು ಅತ್ತೆಯ ರೂಢಿ. ಗೋಣಿಬೀಡಿನಿಂದ ಅತ್ತೆಯ ಅಕ್ಕ ಬರುತ್ತಿದ್ದರು. ನಾನು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ಅವರ ಬಾಯಿಗೆ ಹೆದರದವರಿಲ್ಲ. ಅಂದು ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟು ನಡುಮನೆಗೆ ಬಂದರು. ಬರಿಗಾಲು. ಗಾಯದ ಮೇಲೊಂದು ತೆಳ್ಳನೆ ಪಟ್ಟಿ.

“ಅತ್ತೆ, ಜೋಡು?”

“ಇವತ್ತೊಂದು ದಿನ ಬೇಡ. ಚಪ್ಪಲಿ ಮೆಟ್ಕೊಂಡು ಕುಂಕುಮ ಕೊಟ್ಲು ಅಂತ ಅಕ್ಕ ಗೋಣಿಬೀಡು ತನಕ ಸಾರ್ಕೊಂಡು ಹೋಗ್ತಾಳೆ.”

“ಡಾಕ್ಟ್ರು…”

“ಡಾಕ್ಟ್ರು ಬರ್ತಾರಾ ಅರಿಶಿನ ಕುಂಕುಮಕ್ಕೆ?”

ಅವರಿಗೆ ಎದುರು ಮಾತಾಡುವುದು ನನಗೆ ಬರುತ್ತಿರಲಿಲ್ಲ. ಇಡೀ ದಿನ ಆ ನೆಲದ ಮೇಲೆ ನಿಂತು, ಓಡಾಡಿ, ಬಗ್ಗಿ ಎದ್ದರೆ ಮಾಯುತ್ತಿರುವ ಗಾಯ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅವರ ಕೋಣೆಗೆ ಹೋಗಿ ನೋಡಿದೆ. ಜೋಡು ಮಂಚದ ಕೆಳಗೆ, ಗೋಡೆಗೆ ಒತ್ತಿ ಇಟ್ಟಿತ್ತು. ಎತ್ತಿಕೊಂಡು ಬಂದು ನಡುಮನೆಯ ಕಿಟಕಿ ಪಕ್ಕದ ಬೆಂಚಿನ ತುದಿಯಲ್ಲಿ, ಬಿಸಿಲು ಬೀಳುವ ಕಡೆ, ಒಣಗಲು ಇಟ್ಟವಳ ಹಾಗೆ ಇಟ್ಟೆ. ಆ ಬಿಸಿಲಿಗೆ ಗಾಜಿನ ಗುಂಡಿ ಚೆನ್ನಾಗಿ ಹೊಳೆಯುತ್ತಿತ್ತು.

ದೊಡ್ಡತ್ತೆ ಬಂದವರೇ, “ಅಬ್ಬಾ, ನಿಮ್ಮನೆ ನೆಲವೇ! ಐಸ್ ಕ್ಯಾಂಡಿ ಫ್ಯಾಕ್ಟರಿ ಇಡ್ಬೋದು ನೀವು” ಎಂದು ಕಾಲೆತ್ತಿ ಕಾಲಿಡುತ್ತ ನೇರ ಬಿಸಿಲಿದ್ದ ಬೆಂಚಿಗೇ ಹೋಗಿ ಕೂತರು. ಜಮಖಾನದ ಮೇಲಿದ್ದ ಹೆಂಗಸರೆಲ್ಲ ಸೀರೆಯೊಳಗೆ ಕಾಲು ಮುದುಡಿಕೊಂಡಿದ್ದರು. ದೊಡ್ಡತ್ತೆಯ ಕೈ ಜೋಡಿಗೆ ತಾಗಿತು.

“ಇದ್ಯಾರದ್ದೇ?” ಎಂದು ಎತ್ತಿ ಹಿಡಿದರು. “ಎಷ್ಟು ಚಂದ ಇದೆಯೇ! ಫಾರಿನ್‌ದಾ? ಗುಂಡಿ ನೋಡೇ, ಅಂಚು ನೋಡೇ! ಸೊಸೇದಾ? ಹೂಂ, ಈಗಿನವ್ರ ಕಾಲಿಗೆ ಇದೆಲ್ಲ ಒಪ್ಪತ್ತೆ ಬಿಡು. ನಮ್ದೆಲ್ಲ ಆಯ್ತು.”

ಅತ್ತೆ ಕುಂಕುಮದ ತಟ್ಟೆ ಹಿಡಿದು ಕೋಣೆಯ ನಡುವೆ ನಿಂತಿದ್ದರು. ನನ್ನ ಕಡೆ ಒಂದು ಸಲ ನೋಡಿದರು. ಯಾರಿಟ್ಟದ್ದೆಂದು ಅವರಿಗೆ ತಿಳಿಯಿತು. ನಾನು ಎಳ್ಳಿನ ಬಟ್ಟಲು ಜೋಡಿಸುತ್ತ ತಲೆ ತಗ್ಗಿಸಿದೆ. ದೊಡ್ಡತ್ತೆ ಜೋಡನ್ನು ನನ್ನ ಕಡೆಗೆ ಚಾಚಿ, “ತಗೋ ನಿಂದು” ಎನ್ನುತ್ತಿದ್ದರು.

“ಅದು ನನ್ದು ಅಕ್ಕಾ” ಎಂದರು ಅತ್ತೆ.

“ನಿಂದಾ!”

“ಗುಂಡಿ ಗುರ್ತು ಸಿಗ್ಲಿಲ್ವಾ? ನನ್ನ ಮದುವೆ ಕೋಟಿಂದು. ಹಿಡ್ಕೊಂಡು ನೋಡಿದ್ರೆ ಏನು ಕಾಣತ್ತೆ, ಹಾಕ್ಕೊಂಡ್ರೆ ಅದರ ಚಂದ.” ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಅಕ್ಕನ ಪಕ್ಕದಲ್ಲಿ ಕೂತು, ಒಂದೊಂದಾಗಿ ಎರಡೂ ಕಾಲು ತೂರಿಸಿ, ರೇಷ್ಮೆಯ ಅಂಚನ್ನು ಬೇಕಾದ್ದಕ್ಕಿಂತ ಸ್ವಲ್ಪ ಮೇಲಕ್ಕೇ ಎತ್ತಿಕೊಂಡು ಎದ್ದು ನಿಂತರು.

“ಮನೆ ಒಳಗೆ?” ಎಂದರು ದೊಡ್ಡತ್ತೆ.

“ಇದು ಹುಟ್ಟಿದ್ದೇ ಈ ಮನೆ ಒಳಗೆ. ಹೊಸಿಲು ದಾಟಿಲ್ಲ. ನಿನ್ನ ಕಾಲಿಗಿಂತ ಚೊಕ್ಕ ಇದೆ.”

ಮೊದಲು ನಕ್ಕವರು ದೊಡ್ಡತ್ತೆಯೇ. ಆಮೇಲೆ ಎಲ್ಲರೂ. ಅತ್ತೆ ಜೋಡಿನಲ್ಲೇ ಸುತ್ತಿ ಎಲ್ಲರಿಗೂ ಕುಂಕುಮ ಕೊಟ್ಟರು. ಹೊರಡುವ ಹೊತ್ತಿಗೆ ದೊಡ್ಡತ್ತೆ ನನ್ನನ್ನು ಮೂಲೆಗೆ ಕರೆದು, “ನನಗೆ ಗಿಳಿ ಹಸಿರು ಬಣ್ಣದ್ದು ಮಾಡು. ಅವಳದ್ದಕ್ಕಿಂತ ಚೂರು ಚೂಪಾಗಿರ್ಲಿ” ಎಂದರು. ಆ ಚಳಿಗಾಲ ನನ್ನ ಬುಟ್ಟಿ ಖಾಲಿಯಾಗಲಿಲ್ಲ. ಸಾಸಿವೆ ಬಣ್ಣದ ಅಂಚು, ಪಕ್ಕಕ್ಕೆ ಗುಂಡಿ, ಒಳಗೆ ಗಂಟಿಲ್ಲದ ಹೆಣಿಗೆ. ಸುತ್ತಲಿನ ನಾಲ್ಕೈದು ಮನೆಗಳ ಕೆಂಪು ನೆಲದ ಮೇಲೆ ಅವು ಓಡಾಡಿದವು. ಕೊನೆಗೆ ನನಗೂ ಒಂದು ಜೊತೆ ಹೆಣೆದುಕೊಂಡೆ. ಕೊಕ್ಕರೆಯ ಹಾಗೆ ನಿಲ್ಲುವುದು ತಪ್ಪಿತು.

ಈ ಚಳಿಗಾಲ ಚಿಕ್ಕಮಗಳೂರಿನ ಅಂಗಡಿಯಲ್ಲಿ ಆ ಜೇನು ಬಣ್ಣದ ಜೋಡನ್ನು ನಾನು ಕೊಳ್ಳಲಿಲ್ಲ. ಒಳಗೆ ಬೆರಳು ಆಡಿಸಿದೆ, ಮೂತಿಯ ಹತ್ತಿರ ಒಂದು ಹೊಲಿಗೆ ಒಳಮೈಗೆ ತಾಗುತ್ತಿತ್ತು. ಅತ್ತೆಗೆ ಆಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ಆ ಫೆಬ್ರವರಿಯಲ್ಲಿ ಅತ್ತೆಯ ಗಾಯ ಮುಚ್ಚಿತು. ಬೆರಳು ಉಳಿಯಿತು. ಆದರೆ ಕಣದಲ್ಲಿ ಬರಿಗಾಲು ಇನ್ನು ಯಾವತ್ತೂ ಬೇಡವೆಂದು ಡಾಕ್ಟರು ಖಂಡಿತವಾಗಿ ಹೇಳಿದರು. ಕಣಕ್ಕೆ ಜೋಡು ಇಳಿಯಬಾರದೆಂಬ ಮಾತನ್ನು ಅತ್ತೆ ಸಡಿಲಿಸಲಿಲ್ಲ. ಅದು ಅವರ ಮಾತಲ್ಲ, ಅವರಿಗಿಂತ ಹಿಂದಿನದು. ಹಾಗಾಗಿ ಪೇಟೆಗೆ ಹಾಕುವ ಕಂದು ಜೋಡು ಹಾಕಿಕೊಂಡು ಕಣದ ಕಟ್ಟೆಯವರೆಗೆ ಬಂದು, ಅಲ್ಲಿ ಕೂತು, ಬೀಜವನ್ನು ಸುಮ್ಮನೆ ನೋಡುತ್ತಿದ್ದರು. ಇವರು ಹಲ್ಲಿನಲ್ಲಿ ಕಚ್ಚಿ ತಾವೇ ತೀರ್ಮಾನ ಮಾಡತೊಡಗಿದ್ದರು. ಅಮ್ಮನನ್ನು ಕೇಳಬೇಕೋ ಬೇಡವೋ ಎಂದು ತಿಳಿಯದೆ ಕಟ್ಟೆಯ ಕಡೆ ನೋಡದೆ ಮಾತಾಡುತ್ತಿದ್ದರು.

ಒಂದು ಸಂಜೆ ಕಾಫಿ ಕೊಡಲು ಹೋದಾಗ ಅತ್ತೆ, “ಚಪ್ಪಲಿ ಬಿಟ್ಟು ಇಳಿ” ಎಂದರು. ನಾನು ಇಳಿದೆ. “ಕಾಲು ಒಳಗೆ ತೂರ್ಸು. ಕಣ್ಣು ಮುಚ್ಕೋ. ಹೇಳು.”

“ಬೆಚ್ಚಗಿದೆ.”

“ಅದು ಬಿಸಿಲಿಂದು, ಮೇಲಿನ ಮಾತು. ಅದನ್ನ ನಂಬಬೇಡ. ಇನ್ನೂ ಒಳಗೆ ಹೋಗ್ಲಿ, ಸಿಮೆಂಟು ತಾಗೋ ತನಕ.”

ತೂರಿಸಿದೆ. ಬೆರಳುಗಳ ನಡುವೆ ತಳದ ಬೀಜ ಬಂದು ಕೂತಿತು. ಒದ್ದೆ ಕರ್ಚೀಫಿನ ಹಾಗೆ ತೆಳ್ಳನೆಯ ತಂಪು. ಹೇಳಿದೆ.

“ಹಾಗಿದ್ರೆ ಆಗಿಲ್ಲ” ಎಂದರು.

ಅಂದಿನಿಂದ ದಿನಾ ಇಳಿದೆ. ಅವರು ಕಟ್ಟೆಯ ಮೇಲಿನಿಂದ ಕೇಳುವುದು, ನಾನು ಕೆಳಗಿನಿಂದ ಹೇಳುವುದು. ಯಾವ ಸಾಲಿನಲ್ಲಿ ನಡೆಯಬೇಕು, ಮೂಲೆಯ ನೆರಳಿನ ಬೀಜ ಯಾಕೆ ಬೇರೆ, ಒಣಗಿದ ಬೀಜ ಕಾಲಿನ ಮೇಲಿಂದ ಇಳಿಯುವಾಗ ಹೇಗೆ ಸದ್ದು ಮಾಡುತ್ತದೆ. ಸದ್ದು ಅವರಿಗೆ ಕಟ್ಟೆಯಿಂದಲೇ ಕೇಳುತ್ತಿತ್ತು. ತಂಪು ಮಾತ್ರ ನಾನು ಹೇಳಬೇಕಿತ್ತು.

ಆ ವರ್ಷದ ಕೊನೆಯ ರಾಶಿಯ ದಿನ ನಾನು ಸುತ್ತು ಮುಗಿಸಿ, ಅವರು ಕೇಳುವ ಮೊದಲೇ, “ಆಗಿದೆ ಅತ್ತೆ” ಎಂದೆ. ನನ್ನವರು ಕಚ್ಚಿ ನೋಡಲು ಒಂದು ಬೀಜ ಹೆಕ್ಕಿಕೊಂಡು ಬಾಯಿಯ ಹತ್ತಿರ ತಂದಿದ್ದರು.

“ಅದನ್ನ ಬಿಡೋ. ಆಗಿದೆ ಅಂದ್ಲಲ್ಲ” ಎಂದರು ಅತ್ತೆ. ಕಟ್ಟೆಯಿಂದ ಎದ್ದು, ಜೋಡಿನ ಮೇಲೆ ಕೂತಿದ್ದ ಧೂಳನ್ನು ಸೆರಗಿನ ತುದಿಯಿಂದ ಒರೆಸಿಕೊಂಡರು. “ಮೂಟೆ ಹೊಲೀಲಿ. ದಬ್ಬಣ ಗೋದಾಮಲ್ಲಿ ಹುಡುಕ್ಬೇಡಿ. ಇವಳ ಹೆಣಿಗೆ ಬುಟ್ಟೀಲಿದೆ.”